ಟಿಕೆಟ್ಟಿಲ್ಲದ ತೋಟ: ಬಾರಕೂರಿನಿಂದ ಒತ್ತಿನೆಣೆಯವರೆಗೆ

ರಜೆಗೆ ಕುಂದಾಪುರದ ಕಡೆ ಬಂದ ಬೆಂಗಳೂರಿನ ನೆಂಟರು ಸಂಜೆಯಾದರೆ ಕೇಳುವ ಮಾತೊಂದಿದೆ: ಇಲ್ಲಿ ಪಾರ್ಕ್ ಎಲ್ಲಿ? ಊರವರಿಗೆ ಉತ್ತರ ತಟ್ಟನೆ ಹೊಳೆಯುವುದಿಲ್ಲ. ಕಬ್ಬನ್ ಪಾರ್ಕಿನಂಥದು ಇಲ್ಲಿಲ್ಲ, ಲಾಲ್‌ಬಾಗಿನಂಥದಂತೂ ಇಲ್ಲವೇ ಇಲ್ಲ. ಕೊನೆಗೆ ಕಡಲ ಕಡೆಗೆ ಕೈ ತೋರಿಸಿ ಸುಮ್ಮನಾಗುತ್ತಾರೆ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲ್ಲೂಕುಗಳಲ್ಲಿ ಕಾಸು ಕೊಡದೆ ಹೋಗಿ ಕೂತು ಬರಬಹುದಾದ ಹಸಿರಿಗೆ ಕೊರತೆಯೇನೂ ಇಲ್ಲ. ಅದಕ್ಕೆ ಬೇಲಿ, ಗೇಟು, ಫಲಕ ಇಲ್ಲದ್ದರಿಂದ ಉದ್ಯಾನವೆಂದು ಲೆಕ್ಕಕ್ಕೆ ಬಂದಿಲ್ಲ, ಅಷ್ಟೆ. ಒಂದು ಕಾಲದ ರಾಜಧಾನಿ ಬಾರಕೂರು ಮತ್ತು ಬಂದರು ಪಟ್ಟಣ ಬಸ್ರೂರು, ಈ ಎರಡು ಹಳೆಯ ನಗರಗಳನ್ನು ಮುಂದಿಟ್ಟುಕೊಂಡು ಆ ಹಸಿರನ್ನು ನೋಡುವ ಬಗೆಯನ್ನು ಈ ಲೇಖನ ವಿವರಿಸುತ್ತದೆ.

ಪಾರ್ಕು ಇಲ್ಲಿ ಯಾಕೆ ಹುಟ್ಟಲಿಲ್ಲ

ಸಾರ್ವಜನಿಕ ಉದ್ಯಾನ ಎನ್ನುವುದು ಕಿಕ್ಕಿರಿದ ಊರುಗಳಿಗೆ ಹುಟ್ಟಿದ ಮದ್ದು. ಕಾರ್ಖಾನೆಯ ಹೊಗೆ, ಸಾಲುಮನೆಗಳ ಇಕ್ಕಟ್ಟು ಹೆಚ್ಚಿದ ಇಂಗ್ಲೆಂಡಿನಲ್ಲಿ 1847ರಲ್ಲಿ ತೆರೆದ ಬರ್ಕನ್‌ಹೆಡ್ ಪಾರ್ಕನ್ನು, ಜನರ ತೆರಿಗೆಯ ಹಣದಿಂದ ಕಟ್ಟಿ ಎಲ್ಲರಿಗೂ ಬಿಟ್ಟುಕೊಟ್ಟ ಮೊದಲ ಉದ್ಯಾನಗಳಲ್ಲಿ ಒಂದೆಂದು ಎಣಿಸುತ್ತಾರೆ. ನಮ್ಮಲ್ಲಿ ದಂಡುಪ್ರದೇಶಕ್ಕೂ ಪೇಟೆಗೂ ನಡುವೆ ಕಬ್ಬನ್ ಪಾರ್ಕ್ ಬಂದದ್ದು 1870ರಲ್ಲಿ, ಎಂಜಿನಿಯರ್ ರಿಚರ್ಡ್ ಸ್ಯಾಂಕಿಯ ಕೈಯಿಂದ. ಲಾಲ್‌ಬಾಗಿನ ಕಥೆ ಬೇರೆ. ಅದು 1760ರಲ್ಲಿ ಹೈದರಾಲಿ ಹಾಕಿಸಿದ ಅರಸನ ತೋಟ, ಜನರಿಗೆ ತೆರೆದದ್ದು ಆಮೇಲೆ.

ಕರಾವಳಿಯ ಊರುಗಳಿಗೆ ಅಂಥ ಇಕ್ಕಟ್ಟು ಇರಲೇ ಇಲ್ಲ. ಇದಕ್ಕೆ ಹಳೆಯ ಸಾಕ್ಷಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ. 1342ರ ಸುಮಾರಿಗೆ ಗೋವೆಯ ಕಡೆಯಿಂದ ತೆಂಕಣಕ್ಕೆ ಹೋದ ಅವನು ಈ ತೀರದ ಎರಡು ಊರುಗಳನ್ನು ಹೆಸರಿಸಿದ್ದಾನೆ. ಅಬೂ ಸರೂರ್ ಎಂದದ್ದು ಬಸ್ರೂರು, ಫಾಕನೂರ್ ಎಂದದ್ದು ಬಾರಕೂರು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಮೊದಲನೆಯದರಲ್ಲಿ ಅವನ ಕಣ್ಣಿಗೆ ಬಿದ್ದದ್ದು ತೆಂಗು, ಎರಡನೆಯದರಲ್ಲಿ ಕಬ್ಬು. 

ಆದರೆ ಅವನ ಬರಹದಲ್ಲಿ ನಮಗಿಲ್ಲಿ ಬೇಕಾದ ಸಂಗತಿ ಬೇರೆ. ಈ ತೀರದುದ್ದಕ್ಕೂ ದಾರಿ ಮರದ ನೆರಳಿನಲ್ಲೇ ಸಾಗುತ್ತಿತ್ತಂತೆ. ಅರ್ಧ ಮೈಲಿಗೊಂದು ಮರದ ಚಾವಡಿ, ಅದರೊಳಗೆ ಯಾವ ಮತದವನೂ ಕೂರಬಹುದಾದ ಹಲಗೆ, ಪಕ್ಕದಲ್ಲೇ ಕುಡಿಯುವ ನೀರಿನ ಬಾವಿ. ಪ್ರತಿಯೊಬ್ಬನಿಗೂ ತನ್ನದೇ ತೋಟ, ತೋಟದ ನಡುವೆ ಮನೆ, ಸುತ್ತ ಮರದ ಬೇಲಿ. ಹಾದಿ ಆ ತೋಟಗಳ ಒಳಗಿಂದಲೇ ಹಾದು ಹೋಗುತ್ತಿತ್ತು. ಬೇಲಿ ಅಡ್ಡ ಬಂದಲ್ಲಿ ಹತ್ತಲು ಒಂದು ಏಣಿಮೆಟ್ಟಿಲು, ಆಚೆ ಇಳಿಯಲು ಇನ್ನೊಂದು. ಹಳ್ಳಿಯ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಣಪೆ, ತಡಮೆ ದಾಟಿ ಇನ್ನೊಬ್ಬರ ಅಂಗಳದ ಬದಿಯಿಂದಲೇ ಶಾಲೆಗೆ ಹೋದವರು ಅವರು.

ಅಂದರೆ ತೋಟ ಖಾಸಗಿ, ಹಾದಿ ಸಾರ್ವಜನಿಕ. ನೆರಳು, ಕೂರುವ ಜಾಗ, ನೀರು ಈ ಮೂರೂ ಹಾದಿಗೆ ಅಂಟಿಕೊಂಡಿದ್ದವು. ಬ್ರಿಟಿಷರ ಕಾಲದ ಕಂದಾಯ ಪದ್ಧತಿಯೂ ಇದರ ಮೇಲೆ ತನ್ನ ಮುದ್ರೆ ಒತ್ತಿತು. ದಕ್ಷಿಣ ಕನ್ನಡ ಸೀಮೆಯ ಕುಮ್ಕಿ ಸವಲತ್ತಿನಲ್ಲಿ ಹಳೆಯ ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು ತರಗೆಲೆ ತರುವುದು, ದನ ಮೇಯಿಸುವುದು ಆ ಜಮೀನಿನವರದಾಯಿತು. ಹೀಗೆ ಊರಿನ ಬಹುಪಾಲು ಹಸಿರು ಯಾರದೋ ಮನೆಯ ಬೆನ್ನಿಗೆ ಆತುಕೊಂಡೇ ಉಳಿಯಿತು. ಊರಿನ ನಡುವೆ ಹುಲ್ಲುಹಾಸು ಬೆಳೆಸಿ ಕಾವಲಿಡುವ ಅಗತ್ಯ ಯಾರಿಗೂ ಬೀಳಲಿಲ್ಲ. ಬೆಳೆಸಿದರೂ ನಿಲ್ಲುವುದು ಕಷ್ಟ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನೊಳಗೆ. ಮಳೆಗಾಲದ ಆಟಿ ತಿಂಗಳಲ್ಲಿ ನೀರಲ್ಲಿ ಕೊಳೆತ ಹುಲ್ಲು ಏಪ್ರಿಲಿನಲ್ಲಿ ಸುಟ್ಟು ಹೋಗುತ್ತದೆ.

ಬಾರಕೂರು: ಕೇರಿಗಳ ನಡುವಿನ ಬಯಲು

ಬ್ರಹ್ಮಾವರ ತಾಲ್ಲೂಕಿನ ಬಾರಕೂರು ಸೀತಾನದಿಯ ದಂಡೆಯ ಊರು. ಆಳುಪರ ರಾಜಧಾನಿಯಾಗಿತ್ತು, ವಿಜಯನಗರದ ಕಾಲದಲ್ಲಿ ಕರಾವಳಿಯನ್ನು ಆಳುತ್ತಿದ್ದ ಎರಡು ರಾಜ್ಯಗಳಲ್ಲಿ ಒಂದು ಬಾರಕೂರು ರಾಜ್ಯ, ಇನ್ನೊಂದು ಮಂಗಳೂರು ರಾಜ್ಯ. ಪೋರ್ಚುಗೀಸರ ಬಾಯಲ್ಲಿ ಅದು ಬಾಕನೂರ್. ದಿನಕ್ಕೊಂದರಂತೆ 365 ದೇವಸ್ಥಾನ ಇದ್ದುವೆಂಬುದು ಐತಿಹ್ಯ. ಯಾರೂ ಎಣಿಸಿ ಹೇಳಿದ್ದಲ್ಲ, ಆದರೆ ಊರೊಳಗೆ ನಡೆದರೆ ಮಾತು ಪೂರ್ತಿ ಉತ್ಪ್ರೇಕ್ಷೆ ಅನಿಸುವುದಿಲ್ಲ.

ಬಾರಕೂರನ್ನು ನೋಡಬೇಕಾದದ್ದು ಕೇರಿಗಳ ಲೆಕ್ಕದಲ್ಲಿ: ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ, ರಂಗನಕೇರಿ. ಹೆಸರಲ್ಲಿ ಪಟ್ಟಣದ ಗದ್ದಲ, ನೆಲದಲ್ಲಿ ಗದ್ದೆಯ ಮೌನ. ಒಂದು ಕೇರಿಯಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ತೆಂಗಿನ ತೋಟ ಸಿಗುತ್ತದೆ, ಮುರಕಲ್ಲಿನ ಪಾಗಾರ ಸಿಗುತ್ತದೆ, ಪಾಗಾರದ ಬುಡದಲ್ಲಿ ಅರ್ಧ ಹೂತ ಕೆತ್ತನೆಯ ಕಲ್ಲು ಸಿಗುತ್ತದೆ. ರಾಜಧಾನಿಯೊಂದು ಮತ್ತೆ ಹಳ್ಳಿಯಾದಾಗ ಅದರ ಖಾಲಿ ಜಾಗಗಳೆಲ್ಲ ತೋಟವಾಗುತ್ತವೆ.

ಕತ್ತಲೆ ಬಸದಿ ಇಲ್ಲಿನ ಹೆಸರಾಂತ ಸ್ಮಾರಕ. ಪುರಾತತ್ವ ಇಲಾಖೆಯ ರಕ್ಷಣೆಯ ಆವರಣದೊಳಗೆ ಬಸದಿಯ ಜತೆ ಬೇರೆ ಗುಡಿಗಳೂ ಇವೆ. ಪೂಜೆ ನಡೆಯುವುದಿಲ್ಲವಾದ್ದರಿಂದ ಗಂಟೆ ಜಾಗಟೆಯ ಸದ್ದಿಲ್ಲ, ನೂಕುನುಗ್ಗಲಿಲ್ಲ. ಮೂರು ತಾಲ್ಲೂಕುಗಳಲ್ಲಿ ‘ಪಾರ್ಕ್’ ಎಂಬ ಕಲ್ಪನೆಗೆ ಅತಿ ಹತ್ತಿರದ ಜಾಗ ಯಾವುದೆಂದರೆ ನಾನು ಇದನ್ನೇ ಹೇಳುವೆ. ಕಟ್ಟಡದ ಒಳಗೆ ನಿಜಕ್ಕೂ ಕತ್ತಲೆ. ಹೊರಗಿನ ಬಿಸಿಲಿಂದ ಒಳಹೊಕ್ಕವರಿಗೆ ಕಂಬದ ಕೆತ್ತನೆ ಕಾಣಲು ಸ್ವಲ್ಪ ಹೊತ್ತು ಬೇಕು. ಕಲ್ಲಿನ ಜಗಲಿ ಮಧ್ಯಾಹ್ನವೂ ತಣ್ಣಗಿರುತ್ತದೆ. ಇಳಿಜಾರಾದ ಕಲ್ಲುಚಪ್ಪಡಿಯ ಮಾಡನ್ನು ಹೊರಗೆ ನಿಂತು ನೋಡಿ. ಮಳೆನಾಡಿನ ಮನೆ ಕಟ್ಟುವವನ ಬುದ್ಧಿಯನ್ನೇ ಶಿಲ್ಪಿ ಕಲ್ಲಿಗೆ ಹಾಕಿದ್ದಾನೆ, ನೀರು ನಿಲ್ಲುವ ಮಾತೇ ಇಲ್ಲ.

ಇಂಥ ಕಡೆ ಟಿಕೆಟ್ ಯಾಕಿಲ್ಲ ಎಂದು ಕೇಳುವವರಿದ್ದಾರೆ. ದೇಶದಲ್ಲಿ ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆ ಕಾಯುವ ಮೂರೂವರೆ ಸಾವಿರಕ್ಕೂ ಮಿಕ್ಕಿದ ಸ್ಮಾರಕಗಳಲ್ಲಿ ಟಿಕೆಟ್ ಇರುವುದು ಸುಮಾರು 150ರೊಳಗೆ ಮಾತ್ರ. ಉಳಿದವೆಲ್ಲ ಪುಕ್ಕಟೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು ಎಂದು 2010ರ ಕಾಯ್ದೆ ತಿದ್ದುಪಡಿ ಹೇಳುತ್ತದೆ. ಅಕ್ಕಪಕ್ಕದ ಮನೆಯವರಿಗೆ ಇದು ಕಿರಿಕಿರಿ, ಅದನ್ನು ಅಲ್ಲಗಳೆಯಲಾಗದು. ಆದರೆ ಇಂಥ ಸ್ಮಾರಕಗಳ ಸುತ್ತ ಬಯಲು ಬಯಲಾಗಿ ಉಳಿಯಲು ಆ ನಿಯಮವೂ ಒಂದು ಕಾರಣ.

ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನ ಪೂಜೆ ನಡೆಯುವ ಜಾಗ. ಗರ್ಭಗುಡಿಯ ಹಿಂಬದಿ ಆನೆಯ ಬೆನ್ನಿನ ಹಾಗೆ ದುಂಡಗಿರುವ ಗಜಪೃಷ್ಠ ವಿನ್ಯಾಸ ಇಲ್ಲಿನ ವಿಶೇಷ. ಸುತ್ತು ಬಂದರೇ ಅದು ಅರ್ಥವಾಗುವುದು. ಕೋಟೆಯೆಂದು ಕರೆಯುವಲ್ಲಿ ಉಳಿದಿರುವುದು ಗೋಡೆಯ ತಳಪಾಯ, ಕಲ್ಲಿನ ಕಂಬಗಳು, ಕಂದಕದ ಗುರುತು. ಆನೆ ಕಟ್ಟುತ್ತಿದ್ದ ಕಂಬ ಎಂದು ಊರವರು ತೋರಿಸುತ್ತಾರೆ. ಮಳೆಗಾಲದಲ್ಲಿ ಹುಲ್ಲು ಸೊಂಟದವರೆಗೆ ಬೆಳೆದು ಏನೂ ಕಾಣುವುದಿಲ್ಲ. ದೀಪಾವಳಿ ಕಳೆದು ಹುಲ್ಲು ಒಣಗಿದ ಮೇಲೆ ಹೋಗುವುದು ಮೇಲು.

ಅಪರಿಚಿತರು ಕೇರಿಯಲ್ಲಿ ತಿರುಗಿದರೆ ಯಾವುದಾದರೂ ಜಗಲಿಯಿಂದ ಒಂದು ದನಿ ಬಂದೇ ಬರುತ್ತದೆ: “ನಿಮ್ಗೆ ಎಲ್ಲಾಯ್ತ್? ಎಂತ ಬೇಕಿತ್?” ಇದು ವಿಚಾರಣೆಯಲ್ಲ, ಪರಿಚಯ. ಊರು ಹೇಳಿ, ಬಂದ ಕೆಲಸ ಹೇಳಿದರೆ ಮುಂದಿನ ದಾರಿ, ನೋಡದೆ ಬಿಡಬಾರದ ವೀರಗಲ್ಲು, ಬಾವಿಯ ನೀರು ಎಲ್ಲವೂ ಒಟ್ಟಿಗೆ ಸಿಗುತ್ತವೆ. ಏನೂ ಹೇಳದೆ ಫೋಟೋ ತೆಗೆದು ಹೋದರೆ ಊರಿಗೆ ಬೇಸರ.

ಬಸ್ರೂರು: ಮರ ಹಿಡಿದ ಗುಡಿ

ಕುಂದಾಪುರ ಪೇಟೆಯಿಂದ ಮೂಡಣಕ್ಕೆ ಆರೇಳು ಕಿಲೋಮೀಟರ್, ವಾರಾಹಿಯ ದಂಡೆಯಲ್ಲಿ ಬಸ್ರೂರು. ಈಗ ನೋಡಿದರೆ ಬಂದರು ಎಂದು ನಂಬಲಾಗದು. ಇಲ್ಲಿನ ಶಾಸನಗಳು ಹೇಳುವ ಹಲರು, ಸೆಟ್ಟಿಕಾರರು ವರ್ತಕ ಸಂಘಗಳಾಗಿ ಊರಿನ ಆಡಳಿತದಲ್ಲೇ ಕೈಯಿಟ್ಟವರು. ಗೋವೆಯ ಪೋರ್ಚುಗೀಸರ ಅಟ್ಟಕ್ಕೆ ಹೋಗುತ್ತಿದ್ದ ಅಕ್ಕಿಯಲ್ಲಿ, ಅವರು ಬಾರ್ಸೆಲೋರ್ ಎನ್ನುತ್ತಿದ್ದ ಈ ಊರಿನ ಪಾಲು ದೊಡ್ಡದು. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಸೂರೆ ಮಾಡಿ ಹೋದದ್ದು ಇದೇ ಊರನ್ನು. ಸೂರೆ ಮಾಡುವಷ್ಟು ಸಂಪತ್ತಿತ್ತು ಎಂದೇ ಅದರ ಅರ್ಥ.

ಇಲ್ಲಿ ನೋಡಬೇಕಾದದ್ದು ತುಳುವೇಶ್ವರ. ಪಾಳುಬಿದ್ದ ಸಣ್ಣ ಗುಡಿ, ಅದರ ಮೇಲೇ ಬೆಳೆದ ಆಲದ ಜಾತಿಯ ಮರ. ಹಕ್ಕಿ ಹಾಕಿದ ಬೀಜ ಮುರಕಲ್ಲಿನ ಸಂದಿಯಲ್ಲಿ ಮೊಳೆತು, ಬೇರು ಗೋಡೆಯ ಮೇಲಿಂದ ನೆಲಕ್ಕಿಳಿದು, ಇಳಿದ ಬೇರು ದಪ್ಪವಾಗಿ ಗೋಡೆಯನ್ನೇ ತಬ್ಬಿದೆ. ಮೊದಲು ಕಲ್ಲನ್ನು ಬಿರುಕು ಬಿಡಿಸಿದ್ದೂ ಅದೇ ಬೇರು, ಈಗ ಕಲ್ಲು ಬೀಳದಂತೆ ಹಿಡಿದಿರುವುದೂ ಅದೇ ಬೇರು. ಮರ ಕಡಿದರೆ ಗುಡಿ ಕುಸಿಯುತ್ತದೆ, ಬಿಟ್ಟರೆ ಇಂಚಿಂಚೇ ಒಡೆಯುತ್ತದೆ. ಜೀರ್ಣೋದ್ಧಾರದ ಉತ್ಸಾಹ ಹೆಚ್ಚಿರುವ ಈ ದಿನಗಳಲ್ಲಿ ಇದನ್ನು ಹೀಗೇ ಬಿಟ್ಟಿರುವುದೇ ದೊಡ್ಡದು ಎಂದು ನನಗನಿಸುತ್ತದೆ. ಬೇರನ್ನು ಹತ್ತಬೇಡಿ, ಹೆಸರು ಕೊರೆಯಬೇಡಿ, ಚಪ್ಪಲಿ ಹೊರಗಿರಲಿ. ದೇವರು ಒಳಗಿದ್ದಾನೆಂದು ನಂಬಿದವರು ಸುತ್ತಲೂ ಇದ್ದಾರೆ.

ಪೇಟೆಯ ಮಹಾಲಿಂಗೇಶ್ವರ ದೇವಸ್ಥಾನ, ಕೇರಿಗಳ ಕೆರೆಗಳು, ವಾರಾಹಿಯ ಹೊಳೆದಂಡೆ ಸೇರಿದರೆ ಒಂದು ಬೆಳಗು ಸಾಕಾಗುವುದಿಲ್ಲ.

ಕೋಟೇಶ್ವರದ ಕೆರೆ

ನೀರನ್ನೇ ಉದ್ಯಾನವೆಂದು ನೋಡಬೇಕಾದ ಜಾಗ ಕೋಟೇಶ್ವರ. ಕೋಟಿಲಿಂಗೇಶ್ವರನ ಎದುರಿನ ಕೋಟಿತೀರ್ಥ ನಾಲ್ಕು ಎಕರೆಗೂ ಮಿಕ್ಕಿದ ಕಲ್ಲುಕಟ್ಟಿದ ಪುಷ್ಕರಿಣಿ. ಸಂಜೆ ಪಾವಟಿಗೆಗಳ ಮೇಲೆ ಕೂತರೆ ಪಡುಗಾಳಿ ನೀರಿನ ಮೇಲಿಂದ ಬರುತ್ತದೆ. ಊರಿನ ದೊಡ್ಡ ಉತ್ಸವ ಕೊಡಿ ಹಬ್ಬದ ದಿನ ಹೊರತುಪಡಿಸಿ ಉಳಿದಂತೆ ಜನ ಕಡಿಮೆ. ಕೆರೆಯ ಸುತ್ತ ನಡೆಯಿರಿ, ನೀರಿಗೆ ಇಳಿಯಬೇಡಿ. ಪಾಚಿ ಹಿಡಿದ ಪಾವಟಿಗೆ ಈಜು ಬಲ್ಲವರನ್ನೂ ಬಿಡುವುದಿಲ್ಲ.

ಹಾಡಿ, ಬನ: ಹೋಗಬಹುದಾದ್ದು, ಹೋಗಬಾರದ್ದು

ಗದ್ದೆ ಬೈಲಿನ ಅಂಚಿಗೆ ಮನೆ, ಮನೆಯ ಹಿಂದೆ ಏರಿದರೆ ಹಾಡಿ. ಇದು ಇಲ್ಲಿನ ಭೂಮಿಯ ಕ್ರಮ. ಹಾಡಿಯೆಂದರೆ ದಟ್ಟ ಕಾಡಲ್ಲ, ಸೊಪ್ಪಿಗೂ ಸೌದೆಗೂ ಊರು ಬಳಸಿಕೊಂಡು ಬಂದ ಕುರುಚಲು ಮರಗಳ ಗುಡ್ಡ. ಸುರಗಿ, ರಂಜೆ, ಹೊನ್ನೆ, ಮುರುಗಲು, ಕಾಟುಮಾವು ಇಲ್ಲೇ ಸಿಗುವುದು. ಕಾಲುದಾರಿ ಇರುವ ಹಾಡಿಯಲ್ಲಿ ನಡೆಯಲು ಅಡ್ಡಿಯಿಲ್ಲ, ಹಾಗೆಂದು ಮಾಲೀಕತ್ವ ಇಲ್ಲವೆಂದಲ್ಲ. ಹತ್ತಿರದ ಮನೆಯವರಿಗೆ ಒಂದು ಮಾತು ಹೇಳಿ ಹೋಗುವುದು ಕ್ರಮ.

ನಾಗಬನದ ಸಂಗತಿಯೇ ಬೇರೆ. ಅದು ವಿಹಾರದ ಜಾಗ ಅಲ್ಲವೇ ಅಲ್ಲ. ಬೊಬ್ಬರ್ಯ, ಹಾಯ್ಗುಳಿ, ಜಟ್ಟಿಗ ದೈವಗಳ ಗುಡಿಗಳ ಸುತ್ತಲಿನ ಮರಗಳಿಗೂ ಇದೇ ಮಾತು. ದೂರದಿಂದ ನೋಡಿ: ಬಳ್ಳಿ ತೊಡರಿದ ಹಳೆಯ ಮರಗಳು, ಕೆಳಗೆ ಕೊಳೆಯುತ್ತಿರುವ ಎಲೆಯ ಹಾಸು, ಸುತ್ತ ಗದ್ದೆ ಇದ್ದರೂ ಒಳಗೆ ತೇವ. ಕೊಡಲಿ ತಾಗದ್ದರಿಂದ ಊರಿನ ಮೂಲ ಕಾಡು ಹೇಗಿತ್ತೆಂಬ ಮಾದರಿ ಉಳಿದಿರುವುದು ಇಲ್ಲಿ ಮಾತ್ರ. ಬೇಸರದ ಮಾತೆಂದರೆ, ಬನಗಳಿಗೆ ಕಾಂಕ್ರೀಟು ಹಾಕಿ, ಟೈಲ್ಸ್ ಹಾಸಿ, ಗ್ರಿಲ್ ಇಟ್ಟು ‘ಅಭಿವೃದ್ಧಿ’ ಮಾಡುವುದು ಈಚೆಗೆ ಹರಕೆಯ ಭಾಗವೇ ಆಗಿಬಿಟ್ಟಿದೆ. ಮರವಿಲ್ಲದ ಬನದಲ್ಲಿ ನಾಗನಿಗೆ ಬಿಸಿಲು ಬಡಿಯುವುದಿಲ್ಲವೇ ಎಂದು ಯಾರೂ ಕೇಳಿದಂತಿಲ್ಲ.

ಸೋಣೆ ತಿಂಗಳ ಹೂಗಳು, ಹೆಮ್ಮಾಡಿಯ ಸೇವಂತಿಗೆ

ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲ, ಕೋಟೆಯಲ್ಲಿ ಹುಲ್ಲು. ಹಾಗಾದರೆ ಆಗಸ್ಟ್ ಸೆಪ್ಟೆಂಬರಿನಲ್ಲಿ ಬಂದವರು ಎಲ್ಲಿಗೆ ಹೋಗಬೇಕು? ಪಾರೆಗೆ. ಮುರಕಲ್ಲಿನ ಬೋಳು ಹಾಸುಗಳು ಬೇಸಿಗೆಯಲ್ಲಿ ಕಾದ ಕಾವಲಿ. ಮೊದಲ ಮಳೆ ಬಿದ್ದು ತಿಂಗಳಾದರೆ ಅಲ್ಲಿ ಬೆರಳೆತ್ತರದ ತೋಟವೊಂದು ಏಳುತ್ತದೆ. ಕಲ್ಲಿನ ತಗ್ಗಿನಲ್ಲಿ ಅರ್ಧ ಇಂಚು ಮಣ್ಣು, ಅದರ ಮೇಲೆ ತೆಳು ನೀರು. ಅಷ್ಟರಲ್ಲೇ ನೇರಳೆನೀಲಿಯ ಯುಟ್ರಿಕ್ಯುಲೇರಿಯ, ಬಿಳಿ ಗುಂಡಿಯ ತಲೆಯ ಎರಿಯೊಕಾಲನ್, ಎಲೆಯ ಮೇಲೆ ಅಂಟುಹನಿ ಹೊತ್ತ ಡ್ರೊಸೆರಾ. ಈ ಹೂಗಳಲ್ಲಿ ಕೆಲವು ಮಾಂಸಾಹಾರಿಗಳು. ಕಲ್ಲಿನ ಮೇಲಿನ ಮಣ್ಣಿನಲ್ಲಿ ಸಾರಜನಕ ಸಾಲದು. ಆ ಕೊರತೆಯನ್ನು ಯುಟ್ರಿಕ್ಯುಲೇರಿಯ ನೀರಿನ ಸೂಕ್ಷ್ಮಜೀವಿಗಳನ್ನು ಬುಡದ ಪುಟ್ಟ ಗುಳ್ಳೆಗಳೊಳಗೆ ಎಳೆದು, ಡ್ರೊಸೆರಾ ಸೊಳ್ಳೆಗಳನ್ನು ಅಂಟಿಸಿಕೊಂಡು ತುಂಬಿಕೊಳ್ಳುತ್ತವೆ. ನೋಡಬೇಕೆಂದರೆ ಮಂಡಿಯೂರಬೇಕು. ನಿಂತು ನೋಡಿದವರಿಗೆ ಅದು ಬರಿಯ ಬಣ್ಣದ ಮಂಜು.

ಈ ತೋಟಕ್ಕೂ ಇಲ್ಲಿನ ಮನೆಯ ಹೊಸ್ತಿಲಿಗೂ ನಂಟಿದೆ. ಆಗಸ್ಟ್ ನಡುವಿನ ಸಿಂಹ ಸಂಕ್ರಮಣದಿಂದ ಒಂದು ತಿಂಗಳು ಸೋಣೆ. ತಿಂಗಳಿಡೀ ಹೆಂಗಸರು ಹೊಸ್ತಿಲು ತೊಳೆದು, ರಂಗೋಲಿ ಬರೆದು, ಹೂವಿಟ್ಟು ಆರತಿ ಎತ್ತುತ್ತಾರೆ. ಆ ಹೂವು ಪೇಟೆಯದಲ್ಲ. ಗದ್ದೆಯಂಚಿನಲ್ಲಿ, ಪಾರೆಯಲ್ಲಿ, ಹಾಡಿಯ ಬದಿಯಲ್ಲಿ ತಾನಾಗಿ ಬೆಳೆದ ಕಾಟುಹೂವು. ಅಜ್ಜಿಯ ಜತೆ ಹೂ ಕೊಯ್ಯಲು ಹೋದ ಮಕ್ಕಳಿಗೆ ಯಾವ ತಗ್ಗಿನಲ್ಲಿ ಯಾವ ಹೂವು, ಎಲ್ಲಿ ಕಾಲು ಜಾರುತ್ತದೆ, ಎಲ್ಲಿ ಹಾವಿದೆ ಎಲ್ಲವೂ ಗೊತ್ತು. ಸಸ್ಯೋದ್ಯಾನದ ಗೈಡ್ ಇಷ್ಟು ಹೇಳಲಾರ. ಪ್ರವಾಸಿಗರು ಮಾತ್ರ ಕೊಯ್ಯದೆ ನೋಡಿ ಬರುವುದು ಒಳ್ಳೆಯದು. ಒಂದು ಬೂಟಿನ ಅಡಿಗೆ ಸಿಕ್ಕರೂ ಆ ವರ್ಷದ ಬೀಜ ಹೋಯಿತು. ಕಲ್ಲು ಕೋರೆಗೆ ಮತ್ತು ಸೈಟಿಗೆ ಪಾರೆ ಹೋಗುತ್ತಿರುವ ವೇಗ ನೋಡಿದರೆ ಬೂಟಿನ ಮಾತು ಸಣ್ಣದೇ ಬಿಡಿ. ಸರಕಾರಿ ಕಡತದಲ್ಲಿ ಇದು ‘ಬಂಜರು’.

ಬೆಳೆಸಿದ ಹೂವನ್ನು ನೋಡಬೇಕಾದರೆ ಜನವರಿಯಲ್ಲಿ ಹೆಮ್ಮಾಡಿಗೆ ಬನ್ನಿ. ಕುಂದಾಪುರದಿಂದ ಹೆದ್ದಾರಿಯಲ್ಲಿ ಬಡಗಣಕ್ಕೆ ಹೋದರೆ ರಸ್ತೆಯಿಂದಲೇ ಹಳದಿ ಗದ್ದೆಗಳು ಕಾಣುತ್ತವೆ. ಹೆಮ್ಮಾಡಿ ಸೇವಂತಿಗೆ ಸಣ್ಣ ಹೂವು, ಗಾಢ ಹಳದಿ, ಮೂಗಿಗೆ ಹಿಡಿಯುವ ಕಂಪು. ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಮಕರ ಸಂಕ್ರಮಣದ ಜಾತ್ರೆಗೆ ಈ ಹೂವೇ ಆಗಬೇಕು. ಬೆಳೆಗಾರರ ಲೆಕ್ಕಾಚಾರವೆಲ್ಲ ಆ ದಿನಕ್ಕೆ ಹೂವು ಬರುವಂತೆ ಮಾಡುವುದೇ. ಅಕಾಲದ ಮಳೆ ಬಂದರೆ, ಚಳಿ ಬೀಳದಿದ್ದರೆ ಮೊಗ್ಗು ಹಿಂದೆ ಮುಂದೆ ಆಗಿ ಲೆಕ್ಕ ತಪ್ಪುತ್ತದೆ. ಅಂಚಿನಲ್ಲಿ ನಿಂತು ನೋಡಲು ಯಾರೂ ಬೇಡವೆನ್ನುವುದಿಲ್ಲ. ಗಿಡಗಳ ನಡುವೆ ಇಳಿದು ಸೆಲ್ಫಿ ತೆಗೆಯುವುದು ಮಾತ್ರ ಇನ್ನೊಬ್ಬರ ಅನ್ನ ತುಳಿದಂತೆ. ಎರಡು ಮಾಲೆ ಕೊಂಡರೆ ಸಂತೋಷ.

ಕಾಂಡ್ಲಾ, ಅಳಿವೆ, ಕಡಲ ಬದಿ

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಐದೂ ಸೇರಿ ಪಂಚಗಂಗಾವಳಿಯಾಗಿ ಗಂಗೊಳ್ಳಿ ಮತ್ತು ಕೋಡಿಯ ನಡುವೆ ಕಡಲಿಗೆ ಬೀಳುತ್ತವೆ. ಉಪ್ಪುನೀರು ಸಿಹಿನೀರು ಸೇರುವಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ವನ. ಕುಂದಾಪುರದ ಹೊಳೆಬದಿಯ ರಿಂಗ್ ರೋಡಿನಲ್ಲಿ ಬೆಳಿಗ್ಗೆ ನಡೆಯುವವರಿಗೆ ಇದೇ ಪಾರ್ಕು. ಇಳಿತದ ಹೊತ್ತಿಗೆ ಹೋದರೆ ಕೆಸರಿನಿಂದ ಮೇಲೆದ್ದ ಬೇರುಗಳು, ಬೇರಿನ ನಡುವೆ ಏಡಿ, ಕೊಕ್ಕರೆ. ಕಾಂಡ್ಲಾದ ಬೀಜ ಮರದಲ್ಲೇ ಮೊಳೆಯುತ್ತದೆ. ನುಗ್ಗೆಕಾಯಿಯ ಹಾಗೆ ನೇತಾಡುವ ಹಸಿರು ಕೋಲು ಹಣ್ಣಲ್ಲ, ಸಸಿ. ಇಳಿತದಲ್ಲಿ ಕಳಚಿದರೆ ನೇರ ಕೆಸರಿಗೆ ಚುಚ್ಚಿಕೊಳ್ಳುತ್ತದೆ, ಭರತದಲ್ಲಿ ಬಿದ್ದರೆ ತೇಲಿ ಇನ್ನೊಂದು ದಂಡೆ ಹುಡುಕುತ್ತದೆ. ಭರತ ಇಳಿತದ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಸರಿಯುತ್ತದೆ, ಆದ್ದರಿಂದ ಹೊರಡುವ ಮೊದಲು ಹೊಳೆಬದಿಯವರನ್ನೇ ಕೇಳುವುದು ಸರಿ. ಬ್ರಹ್ಮಾವರ ತಾಲ್ಲೂಕಿನ ಸಾಲಿಗ್ರಾಮದ ಬಳಿ ಸೀತಾನದಿಯ ಕಾಂಡ್ಲಾದೊಳಗೆ ಕಯಾಕ್ ನಡೆಸುತ್ತಾರೆ; ಅದಕ್ಕೆ ಹಣ ಕೊಡಬೇಕು, ದಂಡೆಯಿಂದ ನೋಡಲು ಬೇಡ.

ಕೋಡಿಯಲ್ಲಿ ದೀಪಸ್ತಂಭ, ಅಲೆತಡೆಯ ಕಲ್ಲಿನ ಮೇಲಿನ ಸೀ ವಾಕ್, ಗಾಳಿಮರಗಳ ಸಾಲು. ಚಳಿಗಾಲದ ರಾತ್ರಿಗಳಲ್ಲಿ ಇಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಮೇಲೆ ಬರುತ್ತವೆ. ಸುಮಾರು 45ರಿಂದ 60 ದಿನದಲ್ಲಿ ಮರಿ ಹೊರಬರುತ್ತದೆ. ಅರಣ್ಯ ಇಲಾಖೆ ಗೂಡಿಗೆ ಬಲೆ ಕಟ್ಟಿ ಕಾಯುವುದುಂಟು. ಮರಿಗಳು ಬೆಳಕಿನ ಕಡೆಗೆ ಹೋಗುವ ಸ್ವಭಾವದವು. ಮೊಬೈಲ್ ಟಾರ್ಚು, ಕಾರಿನ ಹೆಡ್‌ಲೈಟು ಅವುಗಳ ದಾರಿ ತಪ್ಪಿಸುತ್ತವೆ. ಮರಳನ್ನು ಹಿಡಿದಿಟ್ಟಿರುವ ಅಡುಂಬು ಬಳ್ಳಿಯ ಮೇಲೆ ವಾಹನ ಹತ್ತಿಸುವವರಿಗೆ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳಿದೆ.

ಮರವಂತೆಯ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಕಡಲನ್ನು ಮುಟ್ಟುವಷ್ಟು ಹತ್ತಿರ ಬಂದ ಹೊಳೆ ತೆಂಕಣಕ್ಕೆ ಹೊರಳಿ ಗಂಗೊಳ್ಳಿಯ ಅಳಿವೆ ಸೇರುತ್ತದೆ. ಫೋಟೋ ಎಲ್ಲರ ಬಳಿಯೂ ಇದೆ. ನೆರಳು ಮಾತ್ರ ಇಲ್ಲ. ಈ ಕಡಲ ಸಾಲಿನ ತೆಂಕಣ ತುದಿಯಲ್ಲಿ, ಸ್ವರ್ಣಾ ಮತ್ತು ಸೀತಾ ಒಟ್ಟಾಗಿ ಕಡಲಿಗೆ ಸೇರುವ ಕೋಡಿ ಬೆಂಗ್ರೆ ಇದಕ್ಕಿಂತ ಶಾಂತ. ಹಂಗಾರಕಟ್ಟೆಯಿಂದ ಹೊಳೆಯ ಆಚೆ ಕಾಣುವ ಆ ಮರಳಿನ ಪಟ್ಟಿಯ ಮೇಲೆ ಮನೆ, ತೆಂಗು, ದೋಣಿ ಎಲ್ಲ ಒತ್ತೊತ್ತಾಗಿವೆ.

ಒತ್ತಿನೆಣೆ

ಬೈಂದೂರಿನ ಒತ್ತಿನೆಣೆ ಕಡಲಿಗೆ ಬಾಗಿದ ಮುರಕಲ್ಲಿನ ಗುಡ್ಡ. ಕ್ಷಿತಿಜ ನೇಸರ ಧಾಮ ಎಂಬ ವೀಕ್ಷಣಾ ತಾಣ ಇಲ್ಲಿದೆ. ಕೆಳಗೆ ಪಡುವರಿಯ ಸೋಮೇಶ್ವರ ದೇವಸ್ಥಾನ, ಅದರ ಬದಿಯ ಬಂಡೆಗಳು, ಸುಮನಾ ಹೊಳೆ ಕಡಲು ಸೇರುವ ಬಾಗು ಒಟ್ಟಿಗೆ ಕಾಣುತ್ತವೆ. ಇಂಥ ತಾಣಗಳಲ್ಲಿ ವಾಹನಕ್ಕೋ ಪ್ರವೇಶಕ್ಕೋ ಸಣ್ಣ ಶುಲ್ಕ ಬರುವುದು ಹೋಗುವುದು ನಡೆದೇ ಇರುತ್ತದೆ, ಚಿಲ್ಲರೆ ಇರಲಿ. ಸೋಮೇಶ್ವರದ ಕಡಲ ಬದಿಗೆ ಯಾವ ಶುಲ್ಕವೂ ಇಲ್ಲ. ಚತುಷ್ಪಥಕ್ಕೆಂದು ಕಡಿದ ಒತ್ತಿನೆಣೆ 2017ರ ಮಳೆಗಾಲದಲ್ಲಿ ಕುಸಿದು ಹೆದ್ದಾರಿಗೇ ಇಳಿದಿತ್ತು. ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ನೀರು ಕುಡಿದರೆ ಜಾರುವ ಮೆದು ಜೇಡಿ: ಹೆದ್ದಾರಿಯಿಂದ ಕಾಣುವ ಆ ಕಡಿದ ಮೈಯಲ್ಲಿ ಈ ಗುಡ್ಡಗಳ ರಚನೆ ಪಾಠಪುಸ್ತಕಕ್ಕಿಂತ ಸ್ಪಷ್ಟವಾಗಿದೆ.

ಕಟ್ಟಿದ ಉದ್ಯಾನಗಳು

ಹೆಸರಿಟ್ಟು ಕಟ್ಟಿದ ಉದ್ಯಾನಗಳೂ ಬರುತ್ತಿವೆ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರ ನೆನಪಿಗೆ ಕೋಟತಟ್ಟು ಗ್ರಾಮ ಪಂಚಾಯತ್ ಕಾರಂತ ಥೀಮ್ ಪಾರ್ಕ್ ನಡೆಸುತ್ತಿದೆ. ಗ್ರಾಮ ಪಂಚಾಯತ್ ಒಂದು ಲೇಖಕನ ಹೆಸರಲ್ಲಿ ಇಷ್ಟು ಮಾಡುವುದು ನಾಡಿನಲ್ಲಿ ಅಪರೂಪ. ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಪಾರ್ಕಲ್ಲದಿದ್ದರೂ ಕೃಷಿಮೇಳದ ದಿನಗಳಲ್ಲಿ ಅದರ ತಾಕುಗಳಲ್ಲಿ ಸುತ್ತುವುದು ಒಳ್ಳೆಯ ಪಾಠ. ಕುಂದಾಪುರದ ಗಾಂಧಿ ಮೈದಾನ, ನೆಹರೂ ಮೈದಾನಗಳು ಆಟಕ್ಕೂ ಸಭೆಗೂ ಯಕ್ಷಗಾನದ ಡೇರೆಗೂ ಒದಗುತ್ತ ಬಂದಿವೆ. ನವೆಂಬರಿನಿಂದ ಮೇ ವರೆಗೆ ಮಂದಾರ್ತಿ ಮೇಳದ ಹರಕೆಯಾಟ ನಡೆಯುವ ಯಾವುದಾದರೂ ಗದ್ದೆಗೆ ರಾತ್ರಿ ಹೋಗಿ. ಟಿಕೆಟ್ಟಿಲ್ಲದ ಬಯಲು ಎಂದರೆ ಏನೆಂದು ಬೆಳಗಿನೊಳಗೆ ತಿಳಿಯುತ್ತದೆ.

ಹೊಸ ಉದ್ಯಾನಗಳ ಬಗ್ಗೆ ನನ್ನದೊಂದು ತಕರಾರಿದೆ. ಇಂಟರ್‌ಲಾಕ್ ಕಲ್ಲು, ಸಿಮೆಂಟಿನ ಜಿಂಕೆ, ಬಣ್ಣದ ಕಾರಂಜಿ ಮೊದಲು ಬರುತ್ತವೆ. ಮರ, ಶೌಚಾಲಯ, ಕುಡಿಯುವ ನೀರು ‘ಎರಡನೇ ಹಂತ’ಕ್ಕೆ ಉಳಿಯುತ್ತವೆ. ಆ ಹಂತ ಬರುವುದರೊಳಗೆ ಕಾರಂಜಿ ಕೆಟ್ಟಿರುತ್ತದೆ. ಮಧ್ಯಾಹ್ನ ಎರಡಕ್ಕೆ ಮುದುಕರೊಬ್ಬರು ಬಂದು ಅರ್ಧ ಗಂಟೆ ಕೂರಬಹುದೇ ಎಂದು ಕೇಳಿಕೊಂಡರೆ ಉದ್ಯಾನದ ಯೋಗ್ಯತೆ ಗೊತ್ತಾಗುತ್ತದೆ. ಅಶ್ವತ್ಥಕಟ್ಟೆ ಆ ಪರೀಕ್ಷೆಯಲ್ಲಿ ಇಂದಿಗೂ ಪಾಸು.

ಹೋಗುವ ಹೊತ್ತು, ದಾರಿ

ಬೈಂದೂರು, ಬ್ರಹ್ಮಾವರ ಪ್ರತ್ಯೇಕ ತಾಲ್ಲೂಕುಗಳಾದದ್ದು 2018ರಲ್ಲಿ. ಹಳೆಯ ನಕ್ಷೆ ಪುಸ್ತಕಗಳಲ್ಲಿ ಬಾರಕೂರನ್ನು ಉಡುಪಿ ತಾಲ್ಲೂಕಿನಲ್ಲೂ ಒತ್ತಿನೆಣೆಯನ್ನು ಕುಂದಾಪುರ ತಾಲ್ಲೂಕಿನಲ್ಲೂ ಹುಡುಕಬೇಕು. ಕೊಂಕಣ ರೈಲಿನ ನಿಲ್ದಾಣ ಬಾರಕೂರಿನಲ್ಲಿ, ಕುಂದಾಪುರದ್ದು ಮೂಡ್ಲಕಟ್ಟೆಯಲ್ಲಿ, ಬೈಂದೂರಿನದು ಮೂಕಾಂಬಿಕಾ ರೋಡ್ ಎಂಬ ಹೆಸರಿನಲ್ಲಿದೆ. ಹೆದ್ದಾರಿಯಲ್ಲಿ ಬಸ್ಸಿಗೆ ಬರವಿಲ್ಲ. ಬ್ರಹ್ಮಾವರದಿಂದ ಬಾರಕೂರಿಗೆ, ಕುಂದಾಪುರದ ಶಾಸ್ತ್ರಿ ಸರ್ಕಲ್ ಕಡೆಯಿಂದ ಬಸ್ರೂರಿಗೆ ಖಾಸಗಿ ಬಸ್ಸುಗಳಿವೆ, ರಾತ್ರಿ ಬೇಗ ನಿಲ್ಲುತ್ತವೆ.

ಕೇರಿ, ಕೋಟೆಗಳಿಗೆ ನವೆಂಬರಿನಿಂದ ಫೆಬ್ರವರಿ, ಪಾರೆಯ ಹೂವಿಗೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆ, ಸೇವಂತಿಗೆಗೆ ಜನವರಿ. ಮಾರ್ಚ್ ಕಳೆದರೆ ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆ. ಸಂರಕ್ಷಿತ ಸ್ಮಾರಕಗಳ ಹೊತ್ತು ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತ. ಪೂಜೆಯ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಯೇ ನಿಷಿದ್ಧ. ಕಡಲನ್ನು ಬಲ್ಲವರೇ ದಡದಲ್ಲಿ ಕೂತಿರುವಾಗ ನೀರಿಗಿಳಿಯುವ ಆಸೆ ಬೇಡ. ಕೊಡೆ ವರ್ಷವಿಡೀ ಇರಲಿ, ಬಿಸಿಲಿಗೂ ಆಗುತ್ತದೆ. ಕುಡಿಯುವ ನೀರು ಕೊಂಡೊಯ್ಯಿರಿ, ಬಾಟಲಿ ವಾಪಸು ತನ್ನಿ. ಬಾರಕೂರಿನ ಕೇರಿಗಳಲ್ಲಿ ಕಸದ ಡಬ್ಬಿ ಹುಡುಕಿದರೆ ಸಿಗುವುದು ಕಷ್ಟ.